ಅಕ್ಕನ ದನಿಗೆ ಬೇಕಿದ್ದ ಕನಿಷ್ಠ ಆವೃತ್ತಿ

ಕಚೇರಿಯಲ್ಲಿ ಎಲ್ಲರೂ ಅವಳನ್ನು ದೊಡ್ಡಮ್ಮ ಎಂದು ಕರೆಯುತ್ತಿದ್ದರು. ಅಕ್ಕನಿಗೆ ಮಾತ್ರ ಅವಳು ಇನ್ನೂ ಪುಟ್ಟಿ. ಐವತ್ತು ದಾಟಿದ, ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತುವ, ಓದಲೊಂದು ನೋಡಲೊಂದು ಎಂದು ಎರಡು ಕನ್ನಡಕ ಇಟ್ಟುಕೊಂಡು ಯಾವಾಗಲೂ ತಪ್ಪಾದದ್ದನ್ನೇ ಮೂಗಿಗೇರಿಸುವ ಹೆಂಗಸನ್ನು ಹಾಗೆ ಕರೆದರೆ ಚೆನ್ನಾಗಿರುತ್ತದೆಯೇ ಎಂದು ಅವಳು ಎಷ್ಟೋ ಸಲ ರೇಗಿದ್ದಳು. ರೇಗಿದಷ್ಟೂ ಅಕ್ಕ ಹೆಚ್ಚು ಕರೆಯುತ್ತಿದ್ದಳು.

ಹೊಲಿಗೆ ಯಂತ್ರ ರಿಪೇರಿ ಮಾಡುವ ಅಂಗಡಿಯ ಮೇಲಿನ ಮಹಡಿಯಲ್ಲಿ ಅವಳ ಕಚೇರಿ. ಒಂದೇ ಉದ್ದನೆಯ ಕೋಣೆ. ಸರಿಯಾಗಿ ಮುಚ್ಚದ ಕಿಟಕಿಗೆ ಮಡಚಿದ ರಟ್ಟಿನ ತುಂಡು ತುರುಕಿದ್ದರು. ಕೆಳಗೆ ಯಾರಾದರೂ ಯಂತ್ರ ತುಳಿದು ನೋಡಿದರೆ ಮೇಲೆ ಮೇಜಿನ ಮೇಲಿನ ಚಮಚ ನಡುಗುತ್ತಿತ್ತು. ಅಲ್ಲಿ ಕೂತು ಕೆಲವೇ ಜನ ಒಂದು ಕೋಡ್ ಲೈಬ್ರರಿಯನ್ನು, ಎಂದರೆ ಯಾರು ಬೇಕಾದರೂ ತಮ್ಮ ಯಂತ್ರಕ್ಕೆ ಸೇರಿಸಿಕೊಳ್ಳಬಹುದಾದ ಸಿದ್ಧ ಕೋಡಿನ ಕಟ್ಟನ್ನು, ನೋಡಿಕೊಳ್ಳುತ್ತಿದ್ದರು. ಬರಹವನ್ನು ಹೇಗೆ ಉಚ್ಚರಿಸಬೇಕೆಂದು ಯಂತ್ರಗಳಿಗೆ ಹೇಳಿಕೊಡುವ ಕೋಡ್ ಅದು. ಆಸ್ಪತ್ರೆಯಲ್ಲಿ ರೋಗಿಗಳ ಹೆಸರು ಕೂಗುವ ಯಂತ್ರ, ಬಸ್ಸಿನಲ್ಲಿ ಮುಂದಿನ ನಿಲ್ದಾಣ ಹೇಳುವ ಯಂತ್ರ, ಕಣ್ಣು ಕಾಣದವರಿಗೆ ಓದಿ ಹೇಳುವ ಯಂತ್ರ, ಎಲ್ಲವೂ ಒಳಗೊಳಗೆ ಇವರ ಕೋಡನ್ನು ಎರವಲು ಪಡೆದೇ ಬಾಯಿ ತೆರೆಯುತ್ತಿದ್ದವು. ಯಂತ್ರ ಮಾಡಿದವರಿಗೆ ಹೆಸರು ಬಂತು. ಇವರು ಇದ್ದಾರೆಂದು ಗೊತ್ತಾಗುತ್ತಿದ್ದದ್ದು ಏನಾದರೂ ಕೆಟ್ಟಾಗ ಮಾತ್ರ.

ಇಂಥ ಕೆಲಸದಲ್ಲಿ ಒಂದು ಹಳೆಯ ತಲೆನೋವಿದೆ. ಕೋಡ್ ಬರೆಯುವ ಭಾಷೆಯೂ ನಿಂತಲ್ಲಿ ನಿಲ್ಲುವುದಿಲ್ಲ, ಆಗಾಗ ಅದರ ಹೊಸ ಆವೃತ್ತಿ ಬರುತ್ತದೆ. ಹೊಸದರಲ್ಲಿ ಬರೆದರೆ ಕೆಲಸ ಹಗುರ. ಆದರೆ ಹಳೆಯ ಆವೃತ್ತಿಯನ್ನೇ ಹೊಟ್ಟೆಯಲ್ಲಿಟ್ಟುಕೊಂಡಿರುವ ಯಂತ್ರಕ್ಕೆ ಆ ಹೊಸ ಮಾತು ಅರ್ಥವಾಗದೆ ಅದು ನಿಂತುಬಿಡುತ್ತದೆ. ಆದ್ದರಿಂದ ಹತ್ತಾರು ಕಡೆ ಬಳಕೆಯಾಗುವ ಲೈಬ್ರರಿಯವರು ತಮ್ಮ ಕೋಡಿನ ಮೇಲೆ ಒಂದು ಚೀಟಿ ಅಂಟಿಸುತ್ತಾರೆ: ಇದನ್ನು ಬಳಸಲು ಕನಿಷ್ಠ ಇಷ್ಟನೆಯ ಆವೃತ್ತಿ ಬೇಕು. ಆ ಚೀಟಿಯನ್ನು ಓದುವುದು ಮನುಷ್ಯರಲ್ಲ, ಯಂತ್ರಗಳು. ಓದಿ, ತಮಗೆ ಹೊಂದುವಂತಿದ್ದರೆ ಹೊಸ ಕೋಡನ್ನು ಇಳಿಸಿಕೊಳ್ಳುತ್ತವೆ. ಇಲ್ಲವಾದರೆ ಇದ್ದ ಹಳೆಯದರಲ್ಲೇ ಕಾಲ ಹಾಕುತ್ತವೆ. ಕನಿಷ್ಠವನ್ನು ಎಲ್ಲಿಗೆ ನಿಲ್ಲಿಸಬೇಕು, ಯಾವಾಗ ಏರಿಸಬೇಕು ಎಂಬುದೇ ಜಗಳದ ಮೂಲ. ಏರಿಸಿದರೆ ಯಾರೋ ಹಿಂದೆ ಉಳಿಯುತ್ತಾರೆ. ಏರಿಸದಿದ್ದರೆ ಎಲ್ಲರೂ ಆ ಒಬ್ಬರಿಗಾಗಿ ಕುಂಟಬೇಕು.

ಬೇರೆ ಲೈಬ್ರರಿಗಳೆಲ್ಲ ತೀರ ಹಳೆಯದಾದ ಒಂದು ಆವೃತ್ತಿಗೆ ಎಂದೋ ಕೈಮುಗಿದು ಬಿಟ್ಟುಬಿಟ್ಟಿದ್ದವು. ದೊಡ್ಡಮ್ಮ ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ಸಭೆಯಲ್ಲಿ ಮಾತು ಎದ್ದಾಗಲೆಲ್ಲ, "ಹಳೇ ಯಂತ್ರದವರು ಇನ್ನೂ ಇದ್ದಾರಪ್ಪ," ಎಂದು ಹೇಳಿ ಕನ್ನಡಕ ಬದಲಾಯಿಸುತ್ತಿದ್ದಳು. ಎಷ್ಟು ಜನ, ಎಲ್ಲಿದ್ದಾರೆ ಎಂದು ಕೇಳಿದರೆ ಚಮಚ ಎಲ್ಲಿ, ಚಹಾ ಆರಿತಲ್ಲ ಎಂದು ಮಾತು ತಪ್ಪಿಸುತ್ತಿದ್ದಳು. ಇದ್ದವರು ಒಬ್ಬರೇ. ಅವಳ ಅಕ್ಕ.

ಅಕ್ಕ ಈಜು ಕಲಿಸುವವಳು. ಕೊಳದ ಈ ದಡದಲ್ಲಿ ನಿಂತು ಕೂಗಿದರೆ ಆ ದಡದಲ್ಲಿ ಮುಳುಗಿದವನಿಗೂ ಕೇಳುವಂಥ ಗಂಟಲು. ಚಿಕ್ಕಂದಿನಲ್ಲಿ ಪುಟ್ಟಿಯ ಪಾಲಿನ ಜಗಳಗಳನ್ನೆಲ್ಲ ಆಡಿದ್ದು ಆ ಗಂಟಲೇ. ಪುಟ್ಟಿಗೆ ಜಗಳವೆಂದರೆ ಆಗದು. ಕೋಣೆಯಲ್ಲಿ ಯಾರಾದರೂ ದನಿ ಏರಿಸಿದರೆ ಮೆಲ್ಲನೆ ಎದ್ದು ಹಿತ್ತಿಲಿಗೆ ಹೋಗಿಬಿಡುವಳು. ಅವಳ ಪೆನ್ನು ಕಸಿದವರಿಂದ ಹಿಡಿದು ಅವಳನ್ನು ಬಿಟ್ಟುಹೋದ ಗಂಡನವರೆಗೆ ಎಲ್ಲರಿಗೂ ಉತ್ತರ ಕೊಟ್ಟವಳು ಅಕ್ಕ. ಆ ಗಂಟಲಿಗೇ ಗಡ್ಡೆ ಬಂತು. ಧ್ವನಿಪೆಟ್ಟಿಗೆಯನ್ನೇ ತೆಗೆಯದೆ ಬೇರೆ ದಾರಿಯಿಲ್ಲ ಎಂದರು ಡಾಕ್ಟರು.

ಆಪರೇಷನ್ನಿಗೆ ಮೊದಲು ಪುಟ್ಟಿ ಎಲ್ಲೆಲ್ಲೋ ವಿಚಾರಿಸಿ ಒಬ್ಬನನ್ನು ಹುಡುಕಿದಳು. ಮಾತು ಕಳೆದುಕೊಳ್ಳಲಿರುವವರ ದನಿಯನ್ನು ಮೊದಲೇ ಹಿಡಿದಿಟ್ಟು, ಒಂದು ಪುಟ್ಟ ಪೆಟ್ಟಿಗೆಗೆ ತುಂಬಿಕೊಡುವವನು. ಅಕ್ಕ ಅವನನ್ನು ಪೆಟ್ಟಿಗೆಯಪ್ಪ ಎಂದೇ ಕರೆದಳು. ಗೋಡೆಗೆಲ್ಲ ಕಂಬಳಿ ಹೊಡೆದ ಸೆಕೆಯ ಕೋಣೆಯಲ್ಲಿ ಕೂತು ಅವನು ಕೊಟ್ಟ ವಾಕ್ಯಗಳನ್ನೆಲ್ಲ ಓದಿದಳು. ನಡುನಡುವೆ, "ಇಂಥ ಮಾತು ಯಾರಾದ್ರೂ ಆಡ್ತಾರೇನಯ್ಯಾ?" ಎಂದು ಅವನಿಗೇ ಗದರಿದಳು, ಅವನು ಅದನ್ನೂ ಹಿಡಿದಿಟ್ಟ. ಕೊನೆಗೆ, ನೀವು ದಿನವೂ ಆಡುವ ಯಾವುದಾದರೂ ಒಂದು ಮಾತು ಹೇಳಿ, ಅದಕ್ಕೆ ಬೇರೆಯೇ ಗುಂಡಿ ಕೊಡುತ್ತೇನೆ ಎಂದ. ಅಕ್ಕ ಯೋಚಿಸಲೇ ಇಲ್ಲ. "ಪುಟ್ಟಿ" ಎಂದಳು. ಸಿಟ್ಟಿನಲ್ಲಿ ಒಮ್ಮೆ, ನಗುತ್ತಾ ಒಮ್ಮೆ, ದೂರದಿಂದ ಕೂಗುವಂತೆ ಒಮ್ಮೆ. ಗಾಜಿನಾಚೆ ಕೂತಿದ್ದ ಪುಟ್ಟಿ ಬಾಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡಳು. ಚಪ್ಪಲಿಗೆ ಏನೂ ಆಗಿರಲಿಲ್ಲ.

ಆ ಪೆಟ್ಟಿಗೆಯಿಂದ ಅಕ್ಕ ಮತ್ತೆ ಬದುಕಿದಳು ಎಂದರೆ ಹೆಚ್ಚಲ್ಲ. ಕುತ್ತಿಗೆಗೆ ನೇತುಹಾಕಿಕೊಂಡು ಟೈಪು ಮಾಡಿದರೆ ಅವಳದೇ ದನಿ. ಮತ್ತೆ ಕೊಳಕ್ಕೆ ಹೋದಳು, ದಡದಲ್ಲಿ ಚಪ್ಪಾಳೆ ತಟ್ಟಿ ಪೆಟ್ಟಿಗೆಯಿಂದ ಬೈದಳು. ಪೆಟ್ಟಿಗೆ ಬೆಳಬೆಳಗ್ಗೆ ತಾನಾಗಿಯೇ ಎದ್ದು, ಪುಟ್ಟಿಯ ಕಚೇರಿಯ ಲೈಬ್ರರಿಯಲ್ಲಿ ಹೊಸದೇನಿದೆ ಎಂದು ನೋಡಿ ಇಳಿಸಿಕೊಳ್ಳುತ್ತಿತ್ತು. ಯಾವುದಾದರೂ ಮಗುವಿನ ಹೆಸರನ್ನು ಅದು ಸೊಟ್ಟಗೆ ಹೇಳಿದರೆ ಅಕ್ಕನಿಂದ ದೂರು ಬರುತ್ತಿತ್ತು. ದೊಡ್ಡಮ್ಮ ಕೂತು ತಿದ್ದಿ ಬಿಡುಗಡೆ ಮಾಡಿದರೆ ಮರುದಿನ ಕೊಳದ ಬಳಿ ಆ ಮಗುವಿನ ಹೆಸರು ನೆಟ್ಟಗಾಗಿರುತ್ತಿತ್ತು. ಬೇರೆ ತಂಗಿಯರು ಅಕ್ಕನ ಮನೆಗೆ ಹಣ್ಣು ಒಯ್ಯುತ್ತಾರೆ, ಇವಳು ಉಚ್ಚಾರ ಒಯ್ಯುತ್ತಿದ್ದಳು. ಕನಿಷ್ಠ ಆವೃತ್ತಿಯನ್ನು ಏರಿಸಿದರೆ ಪೆಟ್ಟಿಗೆ ಕೆಡುವುದಿಲ್ಲ ಎಂದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಆದರೆ ಅಂದಿನಿಂದ ಈ ತಿದ್ದುಪಡಿ ಯಾವುದೂ ಅಕ್ಕನಿಗೆ ಮುಟ್ಟುವುದಿಲ್ಲ. ಪೆಟ್ಟಿಗೆಯಪ್ಪ ಅಂಗಡಿ ಮುಚ್ಚಿದ್ದರಿಂದ ಪೆಟ್ಟಿಗೆಯೊಳಗಿನ ಹಳೆಯ ಭಾಷೆಯನ್ನು ಬದಲಿಸುವವರೂ ಇರಲಿಲ್ಲ. ಅಕ್ಕನಿಗೆ ತಾನು ಮಾಡಬಲ್ಲ ಒಂದೇ ಒಂದು ಸೇವೆಯನ್ನು ಕೈಯಾರೆ ನಿಲ್ಲಿಸಲು ಅವಳಿಗೆ ಮನಸ್ಸಾಗಲಿಲ್ಲ. ಅಷ್ಟೇ ವಿಷಯ. ಇದನ್ನು ಸಭೆಯಲ್ಲಿ ಹೇಳುವುದು ಹೇಗೆ?

ಪಕ್ಕದ ಮೇಜಿನವನಿಗೆ ಕಚೇರಿಯವರು ಅವಸರ ಎಂದು ಹೆಸರಿಟ್ಟಿದ್ದರು. ಕೂತಲ್ಲಿ ನಿಂತಲ್ಲಿ ಕಾಲು ಕುಣಿಸುವ, ಚಹಾ ಬಿಸಿಯಿರುವಾಗಲೇ ಕುಡಿದು ನಾಲಗೆ ಸುಟ್ಟುಕೊಳ್ಳುವ ಆಸಾಮಿ. ಕೆಲಸದಲ್ಲಿ ಮಾತ್ರ ಅಚ್ಚುಕಟ್ಟು. ಹಿಂದೊಮ್ಮೆ ಅವನು ಯಾರನ್ನೂ ಕೇಳದೆ ಕನಿಷ್ಠ ಆವೃತ್ತಿಯ ಸಂಖ್ಯೆಯನ್ನು ಏರಿಸಿಬಿಟ್ಟಿದ್ದ. ಬಿಡುಗಡೆಗೆ ಮುಂಚೆ ದೊಡ್ಡಮ್ಮನ ಕಣ್ಣಿಗೆ ಬಿದ್ದದ್ದು ಅದೃಷ್ಟ. ಬೇರೆಯವರಾಗಿದ್ದರೆ ಅವನನ್ನು ಕರೆದು ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ದೊಡ್ಡಮ್ಮ ತುಟಿಪಿಟಕ್ ಎನ್ನದೆ ಸಂಖ್ಯೆಯನ್ನು ಮೊದಲಿನಂತೆ ಮಾಡಿದಳು. ಅಷ್ಟಕ್ಕೆ ಸಮಾಧಾನವಾಗದೆ ಒಂದು ಸಣ್ಣ ಕಾವಲು ಕೋಡನ್ನೂ ಬರೆದಿಟ್ಟಳು. ಬಿಡುಗಡೆಯ ಕಟ್ಟು ಕಟ್ಟುವ ಗಳಿಗೆಯಲ್ಲಿ ಅದು ಚೀಟಿಯನ್ನು ನೋಡುತ್ತದೆ. ಅದರಲ್ಲಿ ಯಾವ ಸಂಖ್ಯೆಯಿದ್ದರೂ ಅಳಿಸಿ ಹಳೆಯದನ್ನೇ ಬರೆಯುತ್ತದೆ. ಇಂಥ ಕಾವಲು ಬರೆಯುವವರು ಸಂಖ್ಯೆ ತಪ್ಪಿದಾಗ ಕೆಲಸ ನಿಲ್ಲಿಸಿ ಕೂಗುವಂತೆ ಬರೆಯುತ್ತಾರೆ. ಕೂಗಿದರೆ ಅವಸರನಿಗೆ ಗೊತ್ತಾಗುತ್ತದೆ, ಗೊತ್ತಾದರೆ ಜಗಳ. ಅದಕ್ಕೇ ದೊಡ್ಡಮ್ಮ ಅದಕ್ಕೆ ಬಾಯಿಯನ್ನೇ ಕೊಡಲಿಲ್ಲ. ಕೆಲವು ವರ್ಷ ಕಳೆಯುವಷ್ಟರಲ್ಲಿ ಅದನ್ನು ಬರೆದದ್ದೇ ಅವಳಿಗೆ ಮರೆತುಹೋಯಿತು.

ಅವಸರನ ಗೊಣಗಾಟ ನಿಲ್ಲಲಿಲ್ಲ. ನಿಲ್ಲುವಂಥದ್ದೂ ಅಲ್ಲ.

"ಒಂದೇ ರಿಪೇರಿ ಎರಡೆರಡು ಸಲ ಮಾಡ್ಬೇಕು. ಹೊಸಬರಿಗೊಂದು, ನಿಮ್ಮ ಹಳಬರಿಗೊಂದು. ನಿನ್ನೆ ಮನೆಗೆ ಹೋದ್ರೆ ನನ್ನ ಮಗಳು, ಅಮ್ಮಾ ಯಾರೋ ಬಂದಿದ್ದಾರೆ ಅಂದ್ಲು."

ಎಲ್ಲರೂ ನಕ್ಕರು. ದೊಡ್ಡಮ್ಮನೂ ನಕ್ಕಳು, ಆದರೆ ಮಾತು ಚುಚ್ಚಿತು.

ಆಮೇಲೆ ಆಸ್ಪತ್ರೆಯ ಸುದ್ದಿ ಬಂತು. ಹಳೆಯ ಆವೃತ್ತಿಯ ಭಾಷೆಯಲ್ಲಿ ಒಂದು ತೂತು ಇತ್ತು. ಯಾರಾದರೂ ಬೇಕೆಂದೇ ತಿರುಚಿದ ಬರಹ ಕಳಿಸಿದರೆ ಯಂತ್ರ ಅದನ್ನು ನುಂಗಲಾರದೆ ಉಗುಳಲಾರದೆ ನಿಂತುಬಿಡುತ್ತಿತ್ತು. ಹಳಬರಿಗೂ ಅರ್ಥವಾಗಲೆಂದು ಇವರು ಬರೆದಿದ್ದ ಕೋಡಿನ ಮೂಲಕ ಅದೇ ತೂತು ಹೊಸ ಯಂತ್ರಗಳಿಗೂ ದಾಟಿತ್ತು. ಯಾರೋ ಕಿಡಿಗೇಡಿ ಕೈಯಾಡಿಸಿದ. ಒಂದು ಆಸ್ಪತ್ರೆಯಲ್ಲಿ ಹೆಸರು ಕೂಗುವ ಯಂತ್ರ ಇಡೀ ಬೆಳಗ್ಗೆ ಮೂಕವಾಯಿತು. ತಮ್ಮ ಹೆಸರು ಬರುತ್ತದೆಂದು ಬೆಂಚಿನಲ್ಲಿ ಕಾದು ಕೂತ ಮುದುಕರು ಕೊನೆಗೆ ಡಾಕ್ಟರನ್ನು ನೋಡದೆಯೇ ಎದ್ದು ಹೋದರಂತೆ. ಭಾಷೆಯನ್ನು ನೋಡಿಕೊಳ್ಳುವವರು ಹಳೆಯದನ್ನು ಇನ್ನು ಮುಟ್ಟುವುದಿಲ್ಲ ಎಂದುಬಿಟ್ಟರು. ತೂತು ಮುಚ್ಚಬೇಕೆಂದರೆ ಹಳೆಯದನ್ನು ಬಿಡಲೇಬೇಕಿತ್ತು.

ಅಂದು ಮಧ್ಯಾಹ್ನ ಮೆಟ್ಟಿಲ ತಿರುವಿನಲ್ಲಿ ಅವಸರ ದೊಡ್ಡಮ್ಮನನ್ನು ಅಡ್ಡಹಾಕಿದ.

"ಈಗ್ಲಾದ್ರೂ ಹೇಳಿ. ಹಳೇ ಯಂತ್ರ ಇಟ್ಕೊಂಡಿರೋ ಆ ಮಹಾನುಭಾವರು ಯಾರು?"

"ನಮ್ಮಕ್ಕ," ಎಂದಳು ದೊಡ್ಡಮ್ಮ.

ಹೇಳಲು ಶುರುಮಾಡಿದ ಮೇಲೆ ಪೂರ್ತಿ ಹೇಳಿದಳು. ಅವಸರನ ಕಾಲು ಕುಣಿಯುವುದು ನಿಂತಿತು.

"ಮೊದ್ಲೇ ಹೇಳಿದ್ರೆ ಇಷ್ಟು ವರ್ಷ ನಿಮ್ಮನ್ನ ಮನಸ್ಸಲ್ಲೇ ಬೈಕೊಂಡು ಓಡಾಡ್ತಿರ್ಲಿಲ್ಲ," ಎಂದ. ಸ್ವಲ್ಪ ಹೊತ್ತು ಗೋಡೆಯ ಸುಣ್ಣ ಕೆರೆದು, "ಚೀಟಿಲಿ ಸಂಖ್ಯೆ ಏರಿಸಿದ್ರೆ ಪೆಟ್ಟಿಗೆ ಹೊಸದನ್ನ ಮುಟ್ಟೋದೇ ಇಲ್ವಲ್ಲ. ಹಳೇದರಲ್ಲೇ ಮಾತಾಡ್ಕೊಂಡಿರತ್ತೆ. ಅಕ್ಕನ ದನಿಗೇನೂ ಆಗಲ್ಲ," ಎಂದ.

"ಗೊತ್ತು. ಆದ್ರೆ ಇನ್ಮೇಲೆ ಅವಳಿಗೆ ನಾನೇನೂ ಕಳಿಸೋಕಾಗಲ್ಲ."

ಅವಸರ ದಾರಿ ಬಿಟ್ಟು ಗೋಡೆಯ ಕಡೆ ಸರಿದ.

ಸಂಜೆ ಅಕ್ಕನ ಮನೆಗೆ ಹೋದಳು. ಬಾಗಿಲ ಹಿಂದೆ ಒದ್ದೆ ಟವೆಲ್ಲು, ಕಿಟಕಿಯಲ್ಲಿ ಒಣಗಲು ಇಟ್ಟ ಮಕ್ಕಳ ಈಜುಗನ್ನಡಕಗಳು, ಮನೆಯೆಲ್ಲ ಕೊಳದ ಔಷಧಿಯ ವಾಸನೆ. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡು ಪೆಟ್ಟಿಗೆಯ ಮೇಲೆ ಬೆರಳಾಡಿಸಿದಳು.

"ಹೆಸರು ತಪ್ಪಾದ್ರೆ ಏನ್ಮಾಡ್ಲಿ?"

"ಕಿವಿಗೆ ಹೆಂಗೆ ಕೇಳ್ಬೇಕೋ ಹಂಗೆ ನೀನೇ ಒಡೆದು ಬರ್ಕೋಬೇಕು."

"ಬರ್ಕೋತೀನಿ ಬಿಡು. ಆಸ್ಪತ್ರೇಲಿ ಹೆಸರು ಕೂಗ್ಲಿ ಅಂತ ನಾನೂ ಬೆಂಚಲ್ಲಿ ಕೂತಿದ್ದವಳೇ. ನನ್ನೊಬ್ಬಳಿಗೋಸ್ಕರ ಅಷ್ಟು ಜನಾನ ಕಾಯಿಸ್ತೀಯ? ಏರಿಸು." ಆಮೇಲೆ ಆ ಬೇರೆ ಗುಂಡಿಯನ್ನು ಒತ್ತಿದಳು. ನಗುವಿನದು ಬಂತು. "ಪುಟ್ಟಿ."

ಹೊರಡುವಾಗ ಹಿಂದಿನಿಂದ ಪೆಟ್ಟಿಗೆ, "ಬಾಗಿಲು ಸರಿಯಾಗಿ ಎಳ್ಕೊಂಡು ಹೋಗು," ಎಂದಿತು. ದೊಡ್ಡಮ್ಮ ಎಳೆದುಕೊಂಡು ಹೋದಳು.

ಮರುವಾರ ಹೊಸ ಕೋಡ್ ಸಿದ್ಧವಾಯಿತು. ಇನ್ನು ಹಳೆಯ ಆವೃತ್ತಿ ನಡೆಯುವುದಿಲ್ಲ ಎಂದು ಬಳಸುವವರಿಗೆಲ್ಲ ಪ್ರಕಟಣೆ ಕಳಿಸಿದರು. ಚೀಟಿಯಲ್ಲಿ ಸಂಖ್ಯೆಯನ್ನು ದೊಡ್ಡಮ್ಮ ತಾನೇ ಏರಿಸಿದಳು, ಅವಸರ ಪಕ್ಕದಲ್ಲಿ ನಿಂತು ನೋಡಿದ. ಹೊಸ ಆವೃತ್ತಿಯ ಮೇಲೆ ಓಡಿಸಿ ನೋಡಿದರು, ಎಲ್ಲ ಸರಿಯಿತ್ತು. ಹಳೆಯದನ್ನು ಬಿಟ್ಟೇಬಿಟ್ಟ ಮೇಲೆ ಅದರ ಮೇಲೆ ಯಾಕೆ ಓಡಿಸಬೇಕು? ಓಡಿಸಲಿಲ್ಲ. ಬಿಡುಗಡೆಯ ಗುಂಡಿ ಒತ್ತಿ ದೊಡ್ಡಮ್ಮ ಕನ್ನಡಕ ತೆಗೆದಿಟ್ಟಳು. ದುಃಖವಿತ್ತು, ಆದರೂ ಬಹುದಿನದ ಭಾರ ಇಳಿಸಿದ ಹಾಗೂ ಇತ್ತು.

ಮರುದಿನ ಬೆಳಗ್ಗೆ ತಲೆ ಬಾಚುತ್ತಿದ್ದಾಗ ಫೋನು ಬಂತು. ಅಕ್ಕನ ನಂಬರು. ಎತ್ತಿದರೆ ಮಾತಿಲ್ಲ. ಚಮಚದಿಂದ ಫೋನನ್ನು ಕುಟ್ಟುವ ಸದ್ದು ಮಾತ್ರ, ಟಕ್ ಟಕ್ ಟಕ್. ಅಕ್ಕ ಯಾವಾಗಲೂ ಫೋನಿಗೆ ಪೆಟ್ಟಿಗೆ ಹಿಡಿದೇ ಮಾತಾಡುವವಳು. ದೊಡ್ಡಮ್ಮ ಬಾಚಣಿಗೆ ಕೆಳಗೆಸೆದಳು. "ಪೆಟ್ಟಿಗೆ ಮುಟ್ಬೇಡ, ಬಂದೆ," ಎಂದು ಕಿರುಚಿ, ಅರ್ಧ ಬಾಚಿದ ತಲೆಯಲ್ಲೇ ಬಸ್ಸು ಹತ್ತಿದಳು.

ಅಷ್ಟರಲ್ಲಾಗಲೇ ಅಕ್ಕ ಮುಟ್ಟಿ ಆಗಿತ್ತು. ಪೆಟ್ಟಿಗೆ ಎದ್ದಿರಲಿಲ್ಲ, ಯಂತ್ರ ಕೈಕೊಟ್ಟರೆ ಯಾರಾದರೂ ಮಾಡುವುದನ್ನೇ ಅವಳೂ ಮಾಡಿದ್ದಳು. ಆರಿಸಿ ಹಚ್ಚಿದಳು, ಮತ್ತೆ ಆರಿಸಿ ಹಚ್ಚಿದಳು. ಪೆಟ್ಟಿಗೆಯಪ್ಪ ಒಳ್ಳೆಯ ಮನಸ್ಸಿನಿಂದಲೇ ಒಂದು ಏರ್ಪಾಡು ಮಾಡಿಟ್ಟಿದ್ದ: ಪೆಟ್ಟಿಗೆ ಮತ್ತೆ ಮತ್ತೆ ಏಳದೆ ಹೋದರೆ, ಮಾತಿಲ್ಲದವರು ಪೂರ್ತಿ ಮಾತಿಲ್ಲದಂತಾಗಬಾರದೆಂದು, ಒಳಗಿರುವುದನ್ನೆಲ್ಲ ಒರೆಸಿ ಯಾರ ದನಿಯನ್ನೂ ತುಂಬುವ ಮೊದಲು, ಕಾರ್ಖಾನೆಯ ದನಿಯಷ್ಟೇ ಇದ್ದ ಸ್ಥಿತಿಗೆ ಅದು ತಾನೇ ಮರಳಬೇಕು. ದೊಡ್ಡಮ್ಮ ಬಾಗಿಲು ತಳ್ಳಿದಾಗ ಅಕ್ಕ ಹಾಸಿಗೆಯ ಅಂಚಿನಲ್ಲಿ ಕೂತಿದ್ದಳು. ಪೆಟ್ಟಿಗೆ ಎದ್ದಿತ್ತು.

"ಸಿದ್ಧವಾಗಿದ್ದೇನೆ. ದಯವಿಟ್ಟು ಬರೆಯಿರಿ," ಎಂದಿತು.

ಯಾರೋ ಹೆಂಗಸಿನ ದನಿ. ಸ್ಪಷ್ಟವಾದ, ಇಂಪಾದ, ಯಾರದೋ ದನಿ.

ಕಚೇರಿಗೆ ಹೋಗಿ ಬಿಡುಗಡೆಯಾದ ಕಟ್ಟನ್ನು ಬಿಚ್ಚಿ ನೋಡಿದರೆ ಒಳಗೆ ಕೋಡೆಲ್ಲ ಹೊಸದು, ಮೇಲಿನ ಚೀಟಿಯಲ್ಲಿ ಮಾತ್ರ ಹಳೆಯ ಸಂಖ್ಯೆ. ಪೆಟ್ಟಿಗೆ ಚೀಟಿಯನ್ನು ನಂಬಿ ಕೋಡನ್ನು ಇಳಿಸಿಕೊಂಡಿತ್ತು. "ನಿನ್ನೆ ನಾನೇ ಕಣ್ಣಾರೆ ನೋಡಿದ್ನಲ್ಲ," ಎಂದು ಅವಸರ ತಲೆ ಕೆರೆದುಕೊಂಡು ಹುಡುಕಿದ. ಆ ಮೂಕ ಕಾವಲು ಸಿಕ್ಕಿತು. ಬರೆದವರ ಹೆಸರನ್ನು ಓದಿದ. ಆಮೇಲೆ ದೊಡ್ಡಮ್ಮನ ಮುಖ ನೋಡದೆ ಎದ್ದು ಹೋಗಿ ಕಿಟಕಿಯ ರಟ್ಟನ್ನು ಸರಿಮಾಡುತ್ತಾ ನಿಂತ. ಅದು ಒಂದು ಸಲ ಕೂಗಿದ್ದರೆ ಸಾಕಿತ್ತು. ಜಗಳಕ್ಕೆ ಹೆದರಿ ಅವಳೇ ಅದರ ಬಾಯಿ ಕಟ್ಟಿದ್ದಳು, ಅಕ್ಕನಿಗಾಗಿ ಇಟ್ಟ ಕಾವಲು ಅಕ್ಕನ ಬಾಯಿಯನ್ನೇ ಕಟ್ಟಿತು. ಕೆಳಗೆ ಯಾರೋ ಹೊಲಿಗೆ ಯಂತ್ರ ತುಳಿದರು. ದೊಡ್ಡಮ್ಮ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಕಚೇರಿಯಲ್ಲಿ ಅವಳು ಅತ್ತದ್ದನ್ನು ಅದಕ್ಕೆ ಮೊದಲು ಯಾರೂ ನೋಡಿರಲಿಲ್ಲ.

ತಪ್ಪು ಚೀಟಿಯ ಆ ಕಟ್ಟನ್ನು ಅವಸರ ಆ ಗಳಿಗೆಯಲ್ಲೇ ಹಿಂದಕ್ಕೆ ತೆಗೆದುಕೊಂಡ. ಬೇರೆ ಯಾರಿಗೂ ಏನೂ ಆಗಿರಲಿಲ್ಲ. ಹಳೆಯ ಯಂತ್ರ ಇದ್ದವರು ನಿಜವಾಗಿಯೂ ಬೇರೆ ಯಾರೂ ಇರಲಿಲ್ಲ.

ಪೆಟ್ಟಿಗೆಯಪ್ಪ ಈಗ ಪರದೆ ನೇತುಹಾಕುವ ಸರಳುಗಳನ್ನು ಮಾರುತ್ತಿದ್ದ. ಅಕ್ಕತಂಗಿಯರನ್ನು ಕಂಡ ತಕ್ಷಣ ಗುರುತು ಹಿಡಿದು ಕುರ್ಚಿ ಒರೆಸಿದ. ವಿಷಯ ಕೇಳಿ ಅವನ ಕೈ ಕುರ್ಚಿಯ ಮೇಲೇ ನಿಂತಿತು.

"ಅಂಗಡಿ ಮುಚ್ಚಿದ ದಿನ ಎಲ್ಲಾ ಅಳಿಸಿಬಿಟ್ವಿ ಅಕ್ಕಾವ್ರೇ. ನಿಮ್ಮ ದನಿ ನಮ್ಮ ಹತ್ರ ಉಳಿಸ್ಕೊಳಲ್ಲ, ಯಾರ ಕೈಗೂ ಸಿಗಕ್ಕೆ ಬಿಡಲ್ಲ ಅಂತ ಮಾತು ಕೊಟ್ಟಿದ್ವಲ್ಲ." ಮಾತಿಗೆ ತಪ್ಪದೆ ನಡೆದುಕೊಂಡದ್ದಕ್ಕೆ ಅವನು ತಲೆ ತಗ್ಗಿಸಿ ನಿಂತಿದ್ದ. ಅವನನ್ನು ಏನೆಂದು ಬೈಯುವುದು?

ಅಕ್ಕನ ಹಳೆಯ ದನಿ ಎಲ್ಲಾದರೂ ಉಳಿದಿದೆಯೇ ಎಂದು ದೊಡ್ಡಮ್ಮ ಕೊಳದಲ್ಲಿ ಕಲಿತ ಮಕ್ಕಳ ಮನೆಗಳಲ್ಲಿ ವಿಚಾರಿಸಿದಳು. ಒಬ್ಬ ತಾಯಿಯ ಹತ್ತಿರ ಆಪರೇಷನ್ನಿಗೆ ಮುಂಚಿನ ಒಂದು ವಿಡಿಯೋ ಇತ್ತು. ನೀರಿನ ಗದ್ದಲ, ಮಕ್ಕಳ ಕೇಕೆ, ಅವೆಲ್ಲದರ ಮೇಲೆ ಉದ್ದಕ್ಕೂ ಅಕ್ಕನ ಸೀಟಿ. ಅವಳ ಬಾಯಿಂದ ಸೀಟಿ ಕೆಳಗಿಳಿಯುವ ಹೊತ್ತಿಗೆ ವಿಡಿಯೋ ಮುಗಿಯುತ್ತಿತ್ತು.

ಅಂದು ಅಕ್ಕನ ಮನೆಗೆ ವಾಪಸಾಗಿ, ಕಾವಲಿನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಬೈಯಲಿ ಎಂದೇ ಹೇಳಿದಳು. ಅಕ್ಕ ಬಹಳ ಹೊತ್ತು ಟೈಪು ಮಾಡಿದಳು, ಅಳಿಸಿದಳು, ಮತ್ತೆ ಮಾಡಿದಳು.

"ನಿನ್ನ ತಪ್ಪಲ್ಲ, ಪುಟ್ಟಿ," ಎಂದಿತು ಪೆಟ್ಟಿಗೆ.

ಉಚ್ಚಾರದಲ್ಲಿ ಒಂದು ಕೂದಲೆಳೆಯ ದೋಷವಿರಲಿಲ್ಲ. ಆಸ್ಪತ್ರೆಯ ಸರದಿಯಲ್ಲಿ ಯಾರದೋ ಹೆಸರು ಕೂಗಿದ ಹಾಗೆ, ಸಿಟ್ಟಿಲ್ಲದೆ, ನಗುವಿಲ್ಲದೆ, ಒಬ್ಬ ಅಪರಿಚಿತೆ ಅವಳನ್ನು ಪುಟ್ಟಿ ಎಂದಳು. ದೊಡ್ಡಮ್ಮನ ಮುಖ ಏನಾಯಿತೋ, ಅಕ್ಕ ಅದನ್ನು ನೋಡಿ ಪೆಟ್ಟಿಗೆಯನ್ನು ಆರಿಸಿದಳು. ಕುತ್ತಿಗೆಯಿಂದ ತೆಗೆದು, ದಾರ ಸುತ್ತಿ, ಈಜುಗನ್ನಡಕಗಳ ಪಕ್ಕದಲ್ಲಿ ಕಿಟಕಿಯ ಮೇಲಿಟ್ಟಳು. ಕೊಳದಲ್ಲಿ, ಅಂಗಡಿಯಲ್ಲಿ ಅವಳು ಅದನ್ನು ಆಮೇಲೂ ಬಳಸಿದಳು, ಬಳಸದೆ ನಡೆಯಬೇಕಲ್ಲ. ತಂಗಿಯ ಎದುರು ಮಾತ್ರ ಮತ್ತೆಂದೂ ಹಚ್ಚಲಿಲ್ಲ. ಅವಳು ಬಂದಾಗ ಮೇಜು ತಟ್ಟಿ ಕರೆಯುತ್ತಾಳೆ, ಸನ್ನೆ ಮಾಡುತ್ತಾಳೆ, ಸಿಟ್ಟು ಬಂದರೆ ಟವೆಲ್ಲು ಎಸೆಯುತ್ತಾಳೆ.

ಲೈಬ್ರರಿ ಈಗ ಚೆನ್ನಾಗಿ ನಡೆಯುತ್ತಿದೆ. ಅವಸರ ಹೊತ್ತಿಗೆ ಸರಿಯಾಗಿ ಮನೆಗೆ ಹೋಗುತ್ತಾನೆ, ಮಗಳು ಅವನನ್ನು ಗುರುತಿಸುತ್ತಾಳೆ. ಕನಿಷ್ಠ ಆವೃತ್ತಿಯ ಮಾತು ಬಂದಾಗ ದೊಡ್ಡಮ್ಮ ಈಗ ಗಟ್ಟಿಯಾಗಿ ವಾದಿಸುತ್ತಾಳೆ, ಬೇಕಾದರೆ ಜಗಳವನ್ನೂ ಆಡುತ್ತಾಳೆ. ಅದನ್ನು ಅವಳು ಕಲಿತದ್ದು ತೀರ ತಡವಾಗಿ.

ಒಂದು ಭಾನುವಾರ ಅವಳು ಹೊರಡಲು ಚಪ್ಪಲಿ ಮೆಟ್ಟುತ್ತಿದ್ದಾಗ ಅಕ್ಕ ಮೇಜು ತಟ್ಟಿದಳು. ತಿರುಗಿ ನೋಡಿದರೆ ಅಕ್ಕನ ತುಟಿ ಅಲುಗಿತು. ಬಾಗಿಲು ಸರಿಯಾಗಿ ಎಳೆದುಕೋ ಎಂದಿರಬೇಕು. ಆಮೇಲೆ ಇನ್ನೊಂದು ಮಾತು. ಅದನ್ನು ಗುರುತಿಸಲು ಅವಳಿಗೆ ಕಷ್ಟವಾಗಲಿಲ್ಲ. ದೊಡ್ಡಮ್ಮ ಹೊಸ್ತಿಲಲ್ಲೇ ನಿಂತು, ಆ ತುಟಿಗಳಿಗೆ ಅಕ್ಕನ ದನಿ ಸೇರಿಸಿ ಕೇಳಿಸಿಕೊಳ್ಳಲು ನೋಡಿದಳು. ಸಿಟ್ಟಿನದೋ, ನಗುವಿನದೋ, ದೂರದಿಂದ ಕೂಗಿದ್ದೋ, ಯಾವುದಾದರೂ ಒಂದು ಸಾಕಿತ್ತು. ಕಣ್ಣು ಮುಚ್ಚಿ ಎಷ್ಟು ಹೊತ್ತು ನಿಂತರೂ ಕಿವಿಗೆ ಬಂದದ್ದು ಆ ಇನ್ನೊಬ್ಬ ಹೆಂಗಸಿನ ದನಿಯೇ.